ಮದಕ ತುಂಬಿತು, ಸುರಂಗ ಹರಿಯಿತು

"ಪೈಸೆ ಗುಡ್ಡೆಗೆ ಹಾಕುದೆಂತಕೆ ಭಾವಾ?" ಎಂದು ನಾನು ಹಳೆಯ ಮದಕ, ಸುರಂಗ ಸರಿಮಾಡಿಸಹೊರಟಾಗ ಕೇಳಿದವರೇ ಈ ಏಪ್ರಿಲಿನಲ್ಲಿ ಬಂದು ನನ್ನ ಟ್ಯಾಂಕಿಗೆ ಇಣುಕಿದ್ದಾರೆ. ಮದಕವೆಂದರೆ ಗುಡ್ಡೆಯ ಮೇಲೆ ಮಳೆನೀರು ಇಂಗಿಸುವ ಕೆರೆ, ಸುರಂಗವೆಂದರೆ ಆ ನೀರು ಒಸರುವಂತೆ ಗುಡ್ಡೆಯ ಒಡಲಿಗೆ ಅಡ್ಡಕ್ಕೆ ಕೊರೆದ ಬಿಲ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಪೆರ್ಲದ ಕಡೆ, ಒಂದೂವರೆ ಎಕರೆ ಅಡಿಕೆ. ಬೋರು 550 ಅಡಿ ಹೋಯಿತು. ಬಂದದ್ದು ಬರೀ ಧೂಳು, ಹೋದದ್ದು ಒಂದೂಮುಕ್ಕಾಲು ಲಕ್ಷದ ಹತ್ತಿರ.

ಗುಡ್ಡೆಯ ಮೇಲೆ ಗೇರುಮರಗಳ ನಡುವೆ ಅರ್ಧಚಂದ್ರದ ಹಾಗೆ ಬಳಸಿದ ದಿಣ್ಣೆಯಿದೆಯಲ್ಲ, ಅದು ಅಜ್ಜಂದಿರ ಮದಕದ ದಂಡೆ. ಕೆಳಗೆ ಜರಿಗಿಡ ಮುಚ್ಚಿದ ಸುರಂಗದ ಬಾಯಿ. ಬಾಯೆದುರಿನ ಮಣ್ಣಿನ ರಾಶಿ ನೋಡಿ ಉದ್ದ 40 ಕೋಲು (ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ) ಎಂದು ಅಂದಾಜಿಸಿದ್ದೆ, ಅಳೆದರೆ ಎರಡು ಮೂರು ಕೋಲು ಮಾತ್ರ ಹೆಚ್ಚು. ಒಳಗೆ ಎಡಗೋಡೆಯಲ್ಲಿ ದೀಪದ ಗೂಡುಗಳು, ಮಸಿ ಇನ್ನೂ ಕಪ್ಪಗೇ ಇದೆ. ದೀಪ ಆರಿದರೆ ಉಸಿರಿಗೆ ಗಾಳಿಯಿಲ್ಲ, ಹೊರಗೆ ಓಡಬೇಕು. ನಾವೂ ಟಾರ್ಚಿನ ಜೊತೆಗೆ ಮೇಣದ ಬತ್ತಿ ಹಿಡಿದೇ ಹೋದದ್ದು.

ನಡುವೆ ಶೇಡಿ ಮಣ್ಣು, ಅಂದರೆ ಮೆದು ಜೇಡಿ, ಕುಸಿದಿತ್ತು. ಅದನ್ನು ಕೆದಕದೆ ಪಕ್ಕದ ಗಟ್ಟಿ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲಿನಲ್ಲಿ) ಸುತ್ತು ಹಾಕಿ ಕೊರೆಸಿದೆ, ಕೋಲಿಗೆ ಎರಡು ಸಾವಿರದ ಮೇಲೆ ಬಿತ್ತು. ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದ ಮೇಲೆ ಸುರಂಗಕ್ಕೆ ಮರ್ಯಾದೆ ಬಂತು, ಕೊರೆಯುವವರು ಮಾತ್ರ ಈಗಲೂ ಸಿಗುವುದಿಲ್ಲ.

ಹೆಚ್ಚು ಕಾಡಿದ್ದು ಮದಕ. ಜೆಸಿಬಿಯಿಂದ ಹೂಳು ತೆಗೆಸಿ ದಂಡೆ ಏರಿಸಿದ ಮೊದಲ ಜುಲೈಯಲ್ಲೇ ದಂಡೆ ಒಡೆದು 30 ಸಾವಿರ ರೂಪಾಯಿ ತೋಡಿನ ಪಾಲಾಯಿತು. ಆ ನೀರು ಕೊಚ್ಚಿಕೊಂಡು ಹೋದಲ್ಲೇ, ದಂಡೆಯ ತುದಿಯಲ್ಲಿ, ತರಗೆಲೆಯಡಿ ಮುರಕಲ್ಲಿನಲ್ಲಿ ಕಡಿದ ಒಂದು ಕಚ್ಚು ಕಾಣಿಸಿತು. ಕೋಡಿ, ಹೆಚ್ಚಾದ ನೀರು ಹೊರಹೋಗುವ ದಾರಿ! ಹಳಬರು ಅದನ್ನು ಮಣ್ಣಿನ ಮೇಲೆ ನಂಬಿ ಬಿಟ್ಟಿರಲಿಲ್ಲ. ಅದನ್ನು ಬಿಡಿಸಿ, ದಂಡೆಯನ್ನು ಅದಕ್ಕಿಂತ ಎರಡಡಿ ಎತ್ತರ ಕಟ್ಟಿ ಲಾವಂಚ ನೆಟ್ಟೆ. ಆಮೇಲೆ ಎಂಥಾ ಮಳೆಗೂ ಅಲುಗಿಲ್ಲ.

ಈಗ ಏಪ್ರಿಲ್ ಕೊನೆಗೂ ಸುರಂಗದ ನೀರಿಗೆ 20 ಲೀಟರಿನ ಕೊಡಪಾನ ಮೂರು ನಿಮಿಷದಲ್ಲಿ ತುಂಬುತ್ತದೆ. ದಿನಕ್ಕೆ ಒಂಬತ್ತೂವರೆ ಸಾವಿರ ಲೀಟರ್ ಆದೀತು, ದಿನ ಬಿಟ್ಟು ದಿನ ಡ್ರಿಪ್ಪಿಗೆ ಸಾಕು. ಒಡೆದದ್ದೂ ಸೇರಿ ಖರ್ಚು ಒಂದೂಕಾಲು ಲಕ್ಷದೊಳಗೆ. ಪಂಪಿಲ್ಲ, ಕರೆಂಟು ಬಿಲ್ಲಿಲ್ಲ.

ನೀರು ಹೊರತರಲು ಒಂದು ಕಡೆ ಪಿವಿಸಿ, ಇನ್ನೊಂದು ಕಡೆ ಅಡಿಕೆ ಮರ ಸೀಳಿ ಟೊಳ್ಳು ಮಾಡಿದ ದಂಬೆ ಇಟ್ಟು ನೋಡಿದೆ. ಪೈಪಿನೊಳಗೆ ಬೇರು ಹೊಕ್ಕು ಕಟ್ಟಿಕೊಂಡಿತು. ದಂಬೆ ಎರಡು ವರ್ಷಕ್ಕೆ ಕೊಳೆತು ಕುಂಬಾದರೂ ಕಸ ಕಣ್ಣಿಗೆ ಕಾಣುತ್ತದೆ, ಕೈಯಲ್ಲೇ ಬಾಚಿ ತೆಗೆಯಬಹುದು. ತೋಟದಲ್ಲಿ ಸತ್ತ ಮರಕ್ಕೇನು ಬರಗಾಲವೇ, ದಂಬೆಯನ್ನೇ ಉಳಿಸಿಕೊಂಡಿದ್ದೇನೆ.