ಕೆಲಸವಿಲ್ಲದ ದಿನಗಳು, ಕುಮಟಾದ ಬಾಡಿಗೆ ರೂಮು

ಕೆಲಸ ಇಲ್ಲದೆ ಬೆಂಗಳೂರಲ್ಲಿ ಸುಮ್ನೆ ಕೂತರೂ ನನಗೆ ತಿಂಗಳಿಗೆ 16 ಸಾವಿರದ ಹತ್ತಿರ ಹೋಗುತ್ತಿತ್ತು. ಉತ್ತರ ಕನ್ನಡ ಜಿಲ್ಲೆಯ ಕುಮಟಾದಲ್ಲಿ ಉಳಿದು ಕಾರವಾರದಿಂದ ಮುರ್ಡೇಶ್ವರದವರೆಗೆ, ಮೇಲೆ ಶಿರಸಿಯವರೆಗೆ ಸುತ್ತಿದ ತಿಂಗಳು 12 ಸಾವಿರ ದಾಟಲಿಲ್ಲ. ಹೊರಡುವ ಮೊದಲು ಇದರ ಅಂದಾಜು ಲೆಕ್ಕ ತೋರಿಸಿದರೆ ಅಣ್ಣ ನಂಬಲೇ ಇಲ್ಲ. "ಸಂಬಳ ಇಲ್ಲ, ತಿರುಗಾಟ ಬೇರೆ ಕೇಡು" ಅಂದ. ಪಿಜಿ ಗೆಳತಿಯರದ್ದೂ ಅದೇ ರಾಗ. ಈಗ ಅವರಲ್ಲೇ ಇಬ್ಬರು ರೂಮಿನ ವಿಚಾರ ಕೇಳುತ್ತಿದ್ದಾರೆ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುವವಳು. ಒಂದು ಮುಗಿದು ಇನ್ನೊಂದು ಸಿಗುವ ತನಕ ಎರಡು ಮೂರು ತಿಂಗಳು ಖಾಲಿ. ಈ ಪ್ರಯೋಗ ಮೊದಲು ಮಾಡಿದ್ದು 2024ರ ಜೂನ್‌ನಲ್ಲಿ, ಗೋಕರ್ಣದಲ್ಲಿ. ಮಳೆಗಾಲ, ಜನ ಇರುವುದಿಲ್ಲ, ಎಲ್ಲ ಅಗ್ಗ ಅಂತ ಎಲ್ಲರೂ ಹೇಳಿದ್ದರು. ಹಾಸಿಗೆ ಬಾಡಿಗೆ ನಿಜಕ್ಕೂ ಇಳಿದಿತ್ತು. ಆದರೆ ಬೀಚ್ ಕಡೆ ಅರ್ಧಕ್ಕರ್ಧ ಅಂಗಡಿ ಬಾಗಿಲು ಹಾಕಿದ್ದವು. ತೆರೆದಿದ್ದ ಕಡೆ ಒಂದು ಊಟಕ್ಕೆ 250 ರೂಪಾಯಿ. ಜೂನ್, ಜುಲೈ ಎರಡೂ ತಿಂಗಳು ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಹಾಗಾಗಿ ಮೀನಿಗೂ ಚಿನ್ನದ ಬೆಲೆ. ಬಾಡಿಗೆ ಸ್ಕೂಟರ್ ಮಳೆಯಲ್ಲಿ ನಿಂತೇ ಇತ್ತು, ಬಾಡಿಗೆ ಮಾತ್ರ ಓಡುತ್ತಿತ್ತು. ಒಂದು ವಾರಕ್ಕೆ ಏಳೆಂಟು ಸಾವಿರ ಮುಗಿಯಿತು. ವಾಪಸ್ ಬಂದೆ. ಮುಂದಿನ ತಿಂಗಳು 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಬಸ್ ನಂಬಿ ತಿರುಗುವವರಿಗೆ ಈ ಜಿಲ್ಲೆಯ ಮಳೆಗಾಲ ಸರಿಯಲ್ಲ.

ಸೊಕ್ಕಿದ್ದವ ಯಾಣಕ್ಕೆ ಹೋಗು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗು ಅಂತಾರಲ್ಲ. ನಾನು ಕುಮಟಾ ಹಿಡಿದೆ.

ಮುಂದಿನ ಬಿಡುವು ಸಿಕ್ಕಿದ್ದು ನವೆಂಬರ್ ಹೊತ್ತಿಗೆ. ಈ ಸಲ ಮೊದಲು ಪಿಜಿ ಬಿಟ್ಟೆ. ಇದೇ ಮುಖ್ಯ. ಅಲ್ಲೂ ಬಾಡಿಗೆ, ಇಲ್ಲೂ ಬಾಡಿಗೆ ಕಟ್ಟಿದರೆ ಯಾವ ಲೆಕ್ಕವೂ ಕೂಡುವುದಿಲ್ಲ. ಸಾಮಾನೆಲ್ಲ ಗೆಳತಿಯ ಮಂಚದ ಕೆಳಗೆ ಹೋಯಿತು. ಪಿಜಿಯವರು ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ ಎರಡು ಸಾವಿರ ಹಿಡಿದುಕೊಂಡರು. ಕಂಪನಿಯಿಂದ ಬರಬೇಕಾದ ಕೊನೆಯ ದುಡ್ಡು ಒಂದೂವರೆ ತಿಂಗಳು ತಡ. ಕೈಯಲ್ಲಿದ್ದದ್ದು 30 ಸಾವಿರದ ಆಸುಪಾಸು.

ಕುಮಟಾ ಯಾಕೆ? ಶಿರಸಿಯ ಘಟ್ಟದ ರಸ್ತೆ ಬಂದು ಸೇರುವುದು ಅಲ್ಲಿ. ಹೊನ್ನಾವರ 20 ಕಿಲೋಮೀಟರ್, ಗೋಕರ್ಣ 30, ಶಿರಸಿ 60, ಕಾರವಾರ 70ರ ಆಸುಪಾಸು. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಪ್ರವಾಸಿಗರು ಉಳಿಯುವ ಊರಲ್ಲ, ಹಾಗಾಗಿ ಶನಿವಾರ ಭಾನುವಾರ ರೇಟು ಏರುವುದಿಲ್ಲ. ಲಾಡ್ಜ್‌ನಲ್ಲಿ ದಿನಕ್ಕೆ 600 ಹೇಳಿದರು. ನಾನು ವಾರದ ಲೆಕ್ಕದಲ್ಲಿ ಮಾತಾಡಿ ಒಂದು ಮನೆಯ ಹಿಂದಿನ ರೂಮು ಹಿಡಿದೆ. ತಿಂಗಳಿಗೆ ಆರೂವರೆ ಸಾವಿರ ಬಿತ್ತು. ಮನೆ ಯಾವುದು, ಯಾರ ಮೂಲಕ ಸಿಕ್ಕಿತು ಅಂತ ಇಲ್ಲಿ ಹೇಳುವುದಿಲ್ಲ. ಮುಂದಿನ ಸಲ ನನಗೇ ಬೇಕು. ಆ ಮನೆಯ ಅಮ್ಮ ಮೊದಲ ದಿನ "ಒಬ್ಬಳೇ ಎಂತಕ್ಕೆ ಬಂದದ್ದು ತಂಗಿ?" ಅಂತ ಎರಡು ಸಲ ಕೇಳಿದರು. ಕೆಲಸ ಹುಡುಕುತ್ತಿದ್ದೇನೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಮರುದಿನದಿಂದ ಬೆಳಿಗ್ಗೆ ಒಂದು ಲೋಟ ಚಹಾ ತಾನಾಗಿ ಬರತೊಡಗಿತು.

ಓಡಾಟದ ಖರ್ಚು ಹೆಚ್ಚುಕಡಿಮೆ ಸೊನ್ನೆ. ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ, ಆದರೂ ನಮ್ಮಲ್ಲಿ ಎಷ್ಟೋ ಹುಡುಗಿಯರು ಅದನ್ನು ಊರಿಗೆ ಹೋಗಿ ಬರುವುದಕ್ಕಷ್ಟೇ ಬಳಸುತ್ತಾರೆ, ಅಲ್ವಾ? ಕೆಂಪು ಬಸ್ಸು, ಕರ್ನಾಟಕದ ವಿಳಾಸ ಇರುವ ಆಧಾರ್, ಇಷ್ಟು ಸಾಕು. ರಾಜಹಂಸ, ಸ್ಲೀಪರ್‌ಗೆ ಇಲ್ಲ. ಕಾರವಾರದಿಂದ ಗೋವಾಕ್ಕೆ ಹೋಗುವ ಬಸ್ಸಿಗೂ ಇಲ್ಲ. ಗಂಡಸರು ತಿಂಗಳ ಲೆಕ್ಕಕ್ಕೆ ಬಸ್ ಟಿಕೆಟ್ಟಿನದ್ದು ಅಂತ ಎರಡು ಸಾವಿರ ಜಾಸ್ತಿ ಸೇರಿಸಿಕೊಳ್ಳಿ.

ರೈಲೂ ನೋಡಿದೆ. ಪ್ಯಾಸೆಂಜರ್ ಟಿಕೆಟ್ ತೀರಾ ಕಡಿಮೆ. ಆದರೆ ಗೋಕರ್ಣ ರೋಡ್ ಸ್ಟೇಷನ್ ಊರಿಂದ ಹತ್ತು ಕಿಲೋಮೀಟರ್ ದೂರ, ಕಾರವಾರದ್ದು ಶಿರವಾಡದಲ್ಲಿ. ಟಿಕೆಟ್ ದುಡ್ಡಿನ ಹತ್ತು ಪಟ್ಟು ಆಟೋಗೆ ಹೋಯಿತು. ಬಿಟ್ಟೆ.

ಗೋಕರ್ಣದಿಂದ ಬರುವಾಗ ಹೆದ್ದಾರಿ ಹಿಡಿಯಬೇಡಿ. ತದಡಿಗೆ ಬಸ್ಸು, ಅಲ್ಲಿಂದ ಹೊಳೆ ದಾಟಿ ಅಘನಾಶಿನಿ ಊರಿಗೆ ದೋಣಿ, ಅಲ್ಲಿಂದ ಮತ್ತೆ ಕುಮಟಾ ಬಸ್ಸು. ದೋಣಿಗೆ ಹತ್ತಿಪ್ಪತ್ತು ರೂಪಾಯಿ. ಇಳಿತದ ಹೊತ್ತಿಗೆ ಹೋದರೆ ಹೊಳೆಯಲ್ಲಿ ಹೆಂಗಸರು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿರುತ್ತಾರೆ. ಅರ್ಧ ದಿನ ಅಲ್ಲೇ ಕಳೆದಿದ್ದೇನೆ. ಅವರಿಂದಲೇ ಬಳಚು ಕೊಂಡು ತಂದೆ. ರೂಮಿನ ಮನೆಯ ಅಮ್ಮ ಕಾಯಿ ಅರೆದು ಸುಕ್ಕ ಮಾಡಿಕೊಟ್ಟರು. ಅದರ ರುಚಿಯ ಬಗ್ಗೆ ಬೇರೆಯೇ ಬರೆಯಬೇಕು.

ಊಟಕ್ಕೆ ದಿನಕ್ಕೆ 150 ಇಟ್ಟುಕೊಂಡಿದ್ದೆ. ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಬಂಗಡೆ ಊಟ, ರಾತ್ರಿ ಗಂಜಿ. ದೇವಸ್ಥಾನದ ಊರಿಗೆ ಹೋದ ದಿನ ಮಧ್ಯಾಹ್ನ ಪ್ರಸಾದದ ಪಂಕ್ತಿಯಲ್ಲಿ ಕೂತೆ. ಹುಂಡಿಗೆ ಇಪ್ಪತ್ತು ಹಾಕದೆ ಎದ್ದಿಲ್ಲ.

ಹೊನ್ನಾವರದ ಕಡೆ ಒಮ್ಮೆ ಹರಕೆಯ ಯಕ್ಷಗಾನ ಬಯಲಾಟ ಇತ್ತು. ಪುಕ್ಕಟೆ. ಊರ ಹೆಂಗಸರ ಜೊತೆ ಚಾಪೆಯಲ್ಲಿ ಬೆಳಗಿನ ತನಕ ಕೂತೆ. ರಾತ್ರಿ ಬಸ್ಸಿಲ್ಲದ ಚಿಂತೆಯೂ ಹೋಯಿತು, ಆಟವೂ ಆಯಿತು. ಯಾಣಕ್ಕೆ ಬಸ್ಸು ಅಪರೂಪ, ಕೊನೆಯ ದಾರಿ ನಡೆದೇ ಹೋದೆ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಕೆಳಗೆ ನಿಂತು ನೋಡುವಾಗ ಫೋನಿಗೆ ಸಿಗ್ನಲ್ ಇರಲಿಲ್ಲ. ಇಂಟರ್‌ವ್ಯೂ ಇರುವ ದಿನ ಯಾಣ, ಶಿರಸಿ ಒಳಭಾಗ ಇಟ್ಟುಕೊಳ್ಳಬೇಡಿ. ನಾನು ಎಚ್‌ಆರ್‌ಗಳಿಗೆ ಮಂಗಳವಾರ, ಗುರುವಾರ ಮಾತ್ರ ಸಮಯ ಕೊಡುತ್ತಿದ್ದೆ. ಆ ದಿನ ರೂಮಲ್ಲೇ ಇರುತ್ತಿದ್ದೆ. ಈಗಿನ ಕಾಂಟ್ರಾಕ್ಟ್‌ನ ಎರಡೂ ಸುತ್ತು ಆ ಹಿಂದಿನ ರೂಮಲ್ಲೇ ಮುಗಿದದ್ದು.

ಹೋಗುವವರು ದೀಪಾವಳಿ ಮುಗಿಸಿ ಹೊರಡಿ. ಡಿಸೆಂಬರ್ ಕೊನೆಯ ವಾರ ಮಾತ್ರ ಗೋಕರ್ಣ, ಮುರ್ಡೇಶ್ವರದ ಕಡೆ ತಲೆ ಹಾಕಬೇಡಿ. ಆ ವಾರ ಬನವಾಸಿ, ಸೋಂದಾ, ಸಹಸ್ರಲಿಂಗ ಇಟ್ಟುಕೊಳ್ಳಿ. ಮೂರಕ್ಕೂ ಶಿರಸಿಯಿಂದಲೇ ಹೊರಡಬಹುದು.