ಮದ್ವೆಗೆ ಅಂತ ತಗೊಂಡ ಬರೋಂಗ್, ಈಗ ವಾರಕ್ಕೆರಡು ಸಲ ಹಾಕ್ತೀನಿ

ಫಿಲಿಪ್ಪೀನ್ಸಿನ ಮನಿಲಾಗೆ ಬಂದು ನಾಲ್ಕು ವರ್ಷ ಆಯ್ತು, ಆಫೀಸು ಮಕಾಟಿಲಿ. ಬಂದ ವರ್ಷಾನೇ ಟೀಮಲ್ಲಿ ಒಬ್ರ ಮದ್ವೆ ಇತ್ತು, ಅದಕ್ಕೆ ಅಂತ ಬರೋಂಗ್ (ಇಲ್ಲಿಯ ಗಂಡಸ್ರ ಸಾಂಪ್ರದಾಯಿಕ ಅಂಗಿ) ತಗೊಂಡೆ, ಉದ್ದ ತೋಳು, ಎದೆ ಪೂರ್ತಿ ಕಸೂತಿ. ಬಟ್ಟೆ ಹೆಸ್ರು ಹುಸಿ (ನಮ್ಮ ಸುಳ್ಳು ಅನ್ನೋ ಹುಸಿ ಅಲ್ಲ, ರೇಷ್ಮೆ ಥರದ ತೆಳು ಬಟ್ಟೆ). ಮದ್ವೆ ಮುಗಿದ್ಮೇಲೆ ಒಂದು ವರ್ಷ ಬೀರುಲೇ ಇತ್ತು. ಇಷ್ಟು ಚೆಂದದ ಕೆಲ್ಸ ಕತ್ಲಲ್ಲಿ ನೇತಾಡ್ತಿದ್ಯಲ್ಲ ಅಂತ ತುಂಬ ಬೇಜಾರಾಯ್ತು, ಆವಾಗಿಂದ ಹಾಕೋಕೆ ಶುರು ಮಾಡಿದ್ದು.

ಮೊದ್ಲು ಕಲ್ತಿದ್ದು ಒಳಗೆ ಏನು ಹಾಕ್ಬೇಕು ಅಂತ. ಬಟ್ಟೆಲಿ ಮೈ ಕಾಣುತ್ತೆ, ಅದಕ್ಕೇ ಇಲ್ಲಿಯವ್ರು ಕಮೀಸಾ ದೆ ಚಿನೋ ಅಂತ ಕಾಲರ್ ಇಲ್ಲದ ಬಿಳಿ ಅಂಗಿ ಹಾಕ್ತಾರೆ. ನಾನು ಮಾಮೂಲಿ ಬನೀನು ಹಾಕಿದ್ದೆ, ತೋಳಿನ ಅಂಚು ಗೆರೆ ಎಳ್ದಂಗೆ ಹೊರಗೆ ಕಾಣ್ತಿತ್ತು. ಈಗ ಆಫೀಸಿಗೆ ಒಳಗೆ ತುಂಬು ತೋಳಿನ ಕಮೀಸಾ, ಸಂಜೆ ಹೊರಗೆ ಹೋಗ್ವಾಗ ಕಪ್ಪು ಟೀ ಶರ್ಟು, ಅದರ ಮೇಲೆ ಗುಂಡಿ ಬಿಚ್ಚಿ ಬರೋಂಗು, ಕೆಳಗೆ ಕಡುನೀಲಿ ಜೀನ್ಸು. ಕಪ್ಪಿನ ಮೇಲೆ ಆ ಕಸೂತಿ ಎಳೆ ಎಳೆಯಾಗಿ ಕಾಣುತ್ತೆ, ನೋಡ್ಬೇಕು ನೀವು! ಇನ್‌ಶರ್ಟ್ ಮಾತ್ರ ಯಾವತ್ತೂ ಮಾಡ್ಬೇಡಿ, ಅದನ್ನ ಹೊಲಿಯೋದೇ ಹೊರಗೆ ಬಿಡೋಕೆ ಅಂತ, ಪಕ್ಕದಲ್ಲಿ ಸೀಳು ಇರುತ್ತೆ.

ಬಿಸಿಲಿಗೆ ಪೋಲೋ ಬರೋಂಗೇ ಸರಿ, ಅಂದ್ರೆ ಅರ್ಧ ತೋಳಿಂದು, ಲಿನನ್ ಬಟ್ಟೆದು. ಲಿನನ್‌ಗೆ ಇಲ್ಲಿ ಗುಸೊತ್ ಮಯಾಮನ್ ಅಂತಾರೆ, ಶ್ರೀಮಂತರ ಸುಕ್ಕು ಅಂತ ಅರ್ಥ, ಸುಕ್ಕಾದ್ರೂ ಲಕ್ಷಣವೇ. ಮನಿಲಾದ ಕಿಯಾಪೊಲಿ ಸೇತುವೆ ಕೆಳಗಿನ ಅಂಗಡಿಗಳಲ್ಲಿ ಎರಡು ತಗೊಂಡೆ. ಸೆಕ್ಯುರಿಟಿಯವ್ರು ಡ್ರೈವರುಗಳು ಯೂನಿಫಾರ್ಮ್ ಆಗಿ ಹಾಕೋದೂ ಇದನ್ನೇ, ಹಾಗಂತ ಹಿಂಜರಿಯೋದು ಬೇಡ, ಭುಜ ಸರಿಯಾಗಿ ಕೂರೋ ಹಂಗೆ ಟೈಲರ್ ಹತ್ರ ಹಿಡಿಸ್ಕೊಳ್ಳಿ ಸಾಕು.

ಒಗೆಯೋದ್ರಲ್ಲಿ ಒಂದ್ಸಲ ಪೆಟ್ಟು ತಿಂದೆ. ಲಾಂಡ್ರಿಗೆ ಕೊಟ್ಟಿದ್ದೆ, ಅವ್ರು ಮಷೀನಿಗೆ ಹಾಕ್ಬಿಟ್ಟಿದ್ರು. ಕಲಾದೊ ಅಂತ ಇರುತ್ತೆ, ಬಟ್ಟೆಯ ಎಳೆಗಳನ್ನೇ ಎಳೆದು ತೆಗ್ದು ಜಾಲರಿ ಥರ ಮಾಡೋ ಕೆಲ್ಸ, ಅದು ಹೆಬ್ಬೆರಳಗಲ ಕಿತ್ಕೊಂಡ್ಬಂದಿತ್ತು, ಅಳು ಬರೋದೊಂದು ಬಾಕಿ. ಆಮೇಲಿಂದ ನಾನೇ ತಣ್ಣೀರಲ್ಲಿ ಅದ್ದಿ ತೆಗ್ದು, ಹಿಂಡದೆ, ಟವೆಲಲ್ಲಿ ಸುತ್ತಿ ನೀರು ತೆಗ್ದು ನೆರಳಲ್ಲಿ ಹಾಕ್ತೀನಿ. ಇಸ್ತ್ರಿ ಒಳಮೈಗೆ, ಮೇಲೊಂದು ತೆಳು ಬಟ್ಟೆ ಹಾಸಿ, ಕಮ್ಮಿ ಬಿಸಿಯಲ್ಲಿ.

ಅನಾನಸ್ ಎಲೆ ನಾರಿನ ಪಿನ್ಯಾ ಬರೋಂಗು ಮಾತ್ರ ದಿನಕ್ಕಲ್ಲ. ಆಕ್ಲಾನ್ ಪ್ರಾಂತ್ಯದ ಕಾಲಿಬೊಗೆ ಹೋದಾಗ ನೋಡ್ದೆ, ಒಡೆದ ಪಿಂಗಾಣಿ ತಟ್ಟೆ ಚೂರಲ್ಲಿ ಎಲೆ ಕೆರೆದು ನಾರು ತೆಗೀತಾರೆ, ಆಮೇಲೆ ಕೂದಲಿಗಿಂತ ಸಣ್ಣ ಎಳೆಗಳನ್ನ ಒಂದಕ್ಕೊಂದು ಕೈಯಲ್ಲೇ ಗಂಟು ಹಾಕ್ತಾ ಹೋಗ್ತಾರೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಆಕ್ಲಾನ್‌ನ ಈ ನೇಯ್ಗೆನೇ. ಅದನ್ನ ನೋಡಿದ್ಮೇಲೆ ರೇಟ್ ಚೌಕಾಶಿ ಮಾಡೋಕೆ ನನಗೆ ಬಾಯೇ ಬರ್ಲಿಲ್ಲ.

ಪಕ್ಕದ ಸೀಟಿನವ್ರು ಈಗ್ಲೂ "ಬಾಗಾಯ್ ಸಾಯೋ" ಅಂತಾರೆ, ನಿಂಗೊಪ್ಪುತ್ತೆ ಅಂತ. ಊರಿಗೆ ಬರ್ವಾಗ ಅಣ್ಣಂಗೂ ಒಂದು ಲಿನನ್‌ದು ತರ್ಬೇಕು, ಭುಜದ ಅಳತೆ ಕಳ್ಸು ಅಂತ ಹೇಳಿ ಎರಡು ವಾರ ಆಯ್ತು, ಇನ್ನೂ ಕಳ್ಸಿಲ್ಲ.