ಜಪಾನಿ ಪದಗಳು ಕೊನೆಗೂ ತಲೆಯಲ್ಲಿ ನಿಂತವು

ತುಮಕೂರಿನಲ್ಲಿ ಸಂಜೆ ಹೊತ್ತು ಜಪಾನಿ ಭಾಷೆ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಐಟಿಐ, ಡಿಪ್ಲೊಮಾ ಮುಗಿಸಿದವರು. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಸಿಗಲಿ ಅಂತ ಆಸೆ. ವ್ಯಾಕರಣ ಹೇಗೋ ಹಿಡಿಯುತ್ತಿದ್ದರು, ಪದಗಳೇ ನಿಲ್ಲುತ್ತಿರಲಿಲ್ಲ. ಇವತ್ತು ಕಲಿತದ್ದು ನಾಳೆ ಗೋವಿಂದ!

ದಾರಿ ಸಿಕ್ಕಿದ್ದು ಜಪಾನಿನದೇ ಆದ ಕರುತಾ ಆಟದಲ್ಲಿ. ಚೀಟಿಗಳನ್ನು ನೆಲದ ಮೇಲೆ ಹರಡಬೇಕು. ಒಬ್ಬರು ಓದಿದ್ದನ್ನು ಕೇಳಿ, ಸರಿಯಾದ ಚೀಟಿಗೆ ಮೊದಲು ಕೈ ಹಾಕಿದವರಿಗೆ ಅದು. ಹಳೆ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಹುಡುಗರ ಕೈಯಲ್ಲೇ ಚಿತ್ರ ಬರೆಸಿದೆ. ಖರ್ಚೇ ಇಲ್ಲ.

ಮಜಾ ಇರುವುದು ಪದ ಆರಿಸುವುದರಲ್ಲಿ. ಕಗಿ ಅಂದರೆ ಬೀಗದ ಕೈ, ಕಮಿ ಕಾಗದ, ಕಮೆ ಆಮೆ, ಕಬನ್ ಚೀಲ. ಎಲ್ಲವನ್ನೂ ಪಕ್ಕಪಕ್ಕ ಇಟ್ಟೆ. ‘ಕ’ ಅಂದ ತಕ್ಷಣ ಕೈಗಳು ಗಾಳಿಯಲ್ಲೇ ನಿಲ್ಲುತ್ತವೆ. ‘ಕಮ್’ ಅಂದರೂ ಆಮೆಯೋ ಕಾಗದವೋ ಗೊತ್ತಾಗುವುದಿಲ್ಲ, ಅಲ್ವಾ? ಪೂರ್ತಿ ಕೇಳಲೇಬೇಕು.

ಚುರುಕಿನ ಒಂದಿಬ್ಬರೇ ಎಲ್ಲ ಬಾಚಿಕೊಳ್ಳತೊಡಗಿದಾಗ ಒಂದು ನಿಯಮ ಸೇರಿಸಿದೆ. ಹಿಡಿದ ಪದ ಬಳಸಿ ಒಂದು ವಾಕ್ಯ ಹೇಳಬೇಕು, ತಪ್ಪಿದರೆ ಚೀಟಿ ವಾಪಸ್. ಉಳಿದುಹೋದ ಚೀಟಿಗಳಿಂದಲೇ ಮುಂದಿನ ಕ್ಲಾಸ್ ಶುರು. ಪದಗಳು ನಿಂತಿದ್ದು ಈ ನಿಯಮ ಬಂದ ಮೇಲೆ.

ಶಿರಿತೊರಿಯನ್ನೂ ಆಡಿಸುತ್ತೇನೆ. ನಮ್ಮ ಅಂತ್ಯಾಕ್ಷರಿಯ ಹಾಗೇ, ಹಾಡಿನ ಬದಲು ಪದ: ನೆಕೊ, ಕೊದೊಮೊ, ಮೊರಿ... ‘ನ್’ನಲ್ಲಿ ಮುಗಿಯುವ ಪದ ಹೇಳಿದವರು ಔಟ್. ಎನ್5 ಅಂದರೆ ಜಪಾನಿ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲು; ಆ ಮಟ್ಟದವರಿಗೆ ಪದಗಳು ಬೇಗ ಖಾಲಿಯಾಗುತ್ತವೆ, ನೋಟ್‌ಬುಕ್ ನೋಡಲು ಬಿಡಿ. ಐದು ನಿಮಿಷ ಸಾಕು, ಜಾಸ್ತಿ ಎಳೆದರೆ ಬೇಜಾರು.